ಸಾಗವಾನಿಯೋ, ಹಳೆ ತೊಲೆಯೋ, ಪ್ಲೈಯೋ? ಕಲಬುರಗಿ ಬಿಸಿಲಿಗೆ ಕಟ್ಟಿಗೆ ಆರಿಸುವ ಲೆಕ್ಕ

ಗಂಜ್ ಮಾರುಕಟ್ಟೆಗೆ ತೊಗರಿ ಒಯ್ದರೆ ವ್ಯಾಪಾರಿ ಮೊದಲು ಮಾಡುವ ಕೆಲಸ ಏನು? ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಕಾಳು ತೆಗೆಯುತ್ತಾನೆ. ಒಂದೆರಡು ಕಾಳು ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಬೆಂಬಲ ಬೆಲೆಯ ಖರೀದಿ ಕೇಂದ್ರವಾದರೆ ಮೀಟರ್ ಇಡುತ್ತಾರೆ. ತೇವ ಶೇ. 12 ದಾಟಿದರೆ ತಕರಾರು ಶುರು. ಒಂದು ಚೀಲ ತೊಗರಿಗೆ ಇಷ್ಟು ತಪಾಸಣೆ. ಅದೇ ನಾವು ತೊಗರಿ ಮಾರಿದ ದುಡ್ಡಿನಲ್ಲಿ ಊಟದ ಟೇಬಲ್ ಮಾಡಿಸುವಾಗ, ಬಾಗಿಲು ಮಾಡಿಸುವಾಗ, ಈ ಕಟ್ಟಿಗೆಯಲ್ಲಿ ನೀರು ಎಷ್ಟಿದೆ ಅಂತ ಒಬ್ಬರೂ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. ಮನೆ ಕಟ್ಟಿಸಿದ ವರ್ಷ ಒಂದು ಅಂಗಡಿಯಲ್ಲಿ ಸಾಗವಾನಿ ಟೇಬಲ್ ತಗೊಂಡೆ. ಸೆಪ್ಟೆಂಬರ್ ತಿಂಗಳು, ಜೋರು ಮಳೆ. ಹಲಗೆಗಳ ನಡುವೆ ಕೂದಲು ತೂರದಷ್ಟು ಬಿಗಿ ಜೋಡಣೆ, ಕನ್ನಡಿಯಂಥ ಪಾಲಿಶ್. ಏಪ್ರಿಲ್‌ನಲ್ಲಿ ಒಂದು ರಾತ್ರಿ ಒಳಗಿನ ಕೋಣೆಯಿಂದ ಟಪ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ಟೇಬಲ್ ನಡುಮಧ್ಯ ಸೀಳು. ಒಂದು ರೂಪಾಯಿ ನಾಣ್ಯ ಆರಾಮಾಗಿ ಇಳಿಯುತ್ತಿತ್ತು. ಅಂಗಡಿಯವರು, “ಬಿಸಿಲಿಗಿ ಆಗ್ಯದ್ರಿ, ಏನ್ ಆಗಲ್ಲ ತಗೋರಿ” ಅಂತ ಹುಡುಗನನ್ನು ಕಳಿಸಿ ಪುಟ್ಟಿ ತುಂಬಿಸಿದರು. ಆಗಸ್ಟ್‌ನಲ್ಲಿ ಕಟ್ಟಿಗೆ ಮತ್ತೆ ಉಬ್ಬಿತು. ಸೀಳು ಮುಚ್ಚಿಕೊಳ್ಳಲು ಜಾಗವೇ ಇಲ್ಲ, ಅಲ್ಲಿ ಪುಟ್ಟಿ ಕೂತಿದೆ. ಪುಟ್ಟಿ ಪುಡಿಯಾಗಿ ಮೇಲೆ ಎದ್ದಿತು. ಟೇಬಲ್ ಹೊಟ್ಟೆ ಉಬ್ಬರಿಸಿಕೊಂಡು ನಿಂತಿತು.

ನಮ್ಮ ಓಣಿಯಲ್ಲಿ ಕೆಲಸದಿಂದ ನಿವೃತ್ತರಾದ ಒಬ್ಬ ಬಡಿಗೇರ ಕಾಕಾ ಇದ್ದಾರೆ. ಅವರು ಬಂದು ಟೇಬಲ್ಲನ್ನು ಮಗುಚಿ ಹಾಕಿಸಿದರು. ಮೇಲಿನ ಹಲಗೆಗಳನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಫೆವಿಕಾಲ್ ಹಚ್ಚಿ, ಮೇಲೆ ಸ್ಕ್ರೂ ಜಡಿದು ಬಂಧಿಸಿದ್ದರು. ಕಾಕಾ ಬೆರಳಿನಿಂದ ಸ್ಕ್ರೂ ತಲೆ ಮುಟ್ಟಿ ಹೇಳಿದರು: “ಕಟಗಿ ತಪ್ಪಲ್ಲ ತಮ್ಮಾ. ಹಸಿ ಇದ್ದಾಗ ಕಟ್ಟಿ ಹಾಕ್ಯಾರ. ಒಣಗಿದ ಮ್ಯಾಲ ಅದು ಎಲ್ಲಿ ಹೋಗಬೇಕು?”

ಆಮೇಲೆ ನಾನೇ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ಕಟ್ಟಿಗೆ ಹೆರೆದು ನುಣುಪು ಮಾಡುವ ರಂದಾ ಹಿಡಿದೆ. ಪಾಠ ಹೇಳುವುದು ನನ್ನ ಹೊಟ್ಟೆಪಾಡು, ಕಟ್ಟಿಗೆ ಕೆಲಸ ಹುಚ್ಚು. ಈ ಹುಚ್ಚಿನಲ್ಲಿ ಕಲಿತದ್ದನ್ನು, ಈಗ ಪೀಠೋಪಕರಣ ಮಾಡಿಸಲು ಹೊರಟವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. “ಯಾವ ಕಟ್ಟಿಗೆ ಒಳ್ಳೇದು” ಅನ್ನುವ ಪ್ರಶ್ನೆ ನಮ್ಮ ಕಡೆ ಎರಡನೆಯದು. ಎಷ್ಟು ಒಣಗಿದೆ, ಯಾವ ತಿಂಗಳಲ್ಲಿ ಮಾಡಿಸುತ್ತೀರಿ, ಅದು ಅಲುಗಾಡಲು ಜಾಗ ಬಿಟ್ಟಿದ್ದಾರಾ, ಇವು ಮೊದಲು.

ಎಷ್ಟು ಕುಗ್ಗುತ್ತದೆ?

ಹಸಿ ಮರ ಒಣಗಲು ಶುರುವಾದಾಗ ಮೊದಲು ಅದರ ಕೊಳವೆಗಳಲ್ಲಿ ತುಂಬಿದ ನೀರು ಹೋಗುತ್ತದೆ. ಅಲ್ಲಿಯವರೆಗೆ ಮರ ಕುಗ್ಗುವುದಿಲ್ಲ, ಹಗುರ ಆಗುತ್ತದೆ ಅಷ್ಟೇ. ತೇವ ಸುಮಾರು ಶೇ. 28-30ಕ್ಕೆ ಇಳಿದ ಮೇಲೆ ಎಳೆಯ ಗೋಡೆಯೊಳಗಿನ ನೀರು ಹೊರಡುತ್ತದೆ. ಕುಗ್ಗುವುದು ಆಗ. ಕೊನೆಗೆ ಸುತ್ತಲಿನ ಗಾಳಿಗೆ ಹೊಂದಿಕೊಂಡು ಒಂದು ಮಟ್ಟಕ್ಕೆ ನಿಲ್ಲುತ್ತದೆ. ಗಾಳಿಯ ಆರ್ದ್ರತೆ ಶೇ. 30ರ ಸುಮಾರು ಇದ್ದರೆ ಕಟ್ಟಿಗೆ ಶೇ. 6ರ ಹತ್ತಿರ ಬರುತ್ತದೆ. ಆರ್ದ್ರತೆ 65 ಇದ್ದರೆ 12, 80 ಇದ್ದರೆ 15-16.

ಈಗ ನಮ್ಮ ಊರು ನೆನಪಿಸಿಕೊಳ್ಳಿ. ಏಪ್ರಿಲ್-ಮೇನಲ್ಲಿ 42-43 ಡಿಗ್ರಿ, ಹಗ್ಗಕ್ಕೆ ಹಾಕಿದ ಬಟ್ಟೆ ಹತ್ತು ನಿಮಿಷಕ್ಕೆ ಕಾಗದ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಉಪ್ಪಿನ ಡಬ್ಬಿಯಲ್ಲಿ ಉಪ್ಪು ಗಡ್ಡೆ. ಮನೆಯೊಳಗಿನ ಕಟ್ಟಿಗೆ ಗಾಳಿಯ ಹಿಂದೆ ಓಡುವುದಿಲ್ಲ, ನಿಧಾನಕ್ಕೆ ಹಿಂಬಾಲಿಸುತ್ತದೆ. ಆದರೂ ಅದರ ತೇವ ವರ್ಷದಲ್ಲಿ ಶೇ. 7ರಿಂದ 12ರವರೆಗೆ, ಅಂದರೆ ಐದು ಅಂಕ ಓಡಾಡುತ್ತದೆ ಅಂತ ಇಟ್ಟುಕೊಳ್ಳಿ.

ಸಾಗವಾನಿಯಲ್ಲಿ ಅಡ್ಡ ಸೀಳಿದ ಹಲಗೆ (ಮೈಮೇಲೆ ಹೂವಿನಂಥ ಚಿತ್ತಾರ ಇರುವುದು, ಮುಂದೆ ಹೇಳುತ್ತೇನೆ) ಒಂದು ಅಂಕ ತೇವಕ್ಕೆ ತನ್ನ ಅಗಲದ ಶೇ. 0.19ರಷ್ಟು ಬದಲಾಗುತ್ತದೆ. ಮೂರು ಅಡಿ ಅಗಲದ ಟೇಬಲ್, ಐದು ಅಂಕ: ಎಂಟೂವರೆ ಮಿಲಿಮೀಟರ್. ನನ್ನ ಟೇಬಲ್ಲಿಗೆ ಅಷ್ಟು ಓಡಾಡಲು ಜಾಗ ಬೇಕಿತ್ತು, ಸಿಕ್ಕಿದ್ದು ಸೊನ್ನೆ. ಉದ್ದಕ್ಕೆ ಮಾತ್ರ ಏನೂ ಆಗುವುದಿಲ್ಲ. ಆರಡಿ ಹಲಗೆ ಉದ್ದದಲ್ಲಿ ಒಂದು ಮಿಲಿಮೀಟರ್ ಕೂಡ ಬದಲಾಗುವುದಿಲ್ಲ. ತಕರಾರು ಪೂರ್ತಿ ಅಗಲದ್ದೇ.

ಇದು ನಮಗೇನೂ ಹೊಸದಲ್ಲ. ಬೇಸಿಗೆಯಲ್ಲಿ ಚಕ್ಕಡಿಯ ಗಾಲಿ ಒಣಗಿ ಕಬ್ಬಿಣದ ಪಟ್ಟಿ ಸಡಿಲಾದರೆ ಹಿರಿಯರು ಗಾಲಿಯನ್ನು ಹಳ್ಳದ ನೀರಿನಲ್ಲಿ ನಿಲ್ಲಿಸುತ್ತಿದ್ದರು. ಕಟ್ಟಿಗೆ ನೀರು ಕುಡಿದು ಉಬ್ಬಿ ಪಟ್ಟಿ ಬಿಗಿಯಾಗುತ್ತಿತ್ತು. ಟೇಬಲ್ಲನ್ನು ಹಳ್ಳಕ್ಕೆ ಒಯ್ಯಲು ಆಗಲ್ಲ ಅಷ್ಟೇ.

ಹೊಸ ಸಾಗವಾನಿ: ಗಾಳಿಗೆ ಒಣಗಿದ್ದೋ, ಕಿಲ್ನ್‌ನದ್ದೋ

ನಮ್ಮ ಟಿಂಬರ್ ಡಿಪೋಗಳಲ್ಲಿ ಸಾಗವಾನಿ ಅಂದರೆ ಒಂದೇ ಮಾಲು ಅಲ್ಲ. ದಾಂಡೇಲಿ ಕಡೆಯದ್ದು, ಬಲ್ಲಾರ್ಷಾ ಕಡೆಯಿಂದ ಬರುವ “ಸಿಪಿ ಸಾಗವಾನಿ”, ಮತ್ತೆ ಆಫ್ರಿಕಾದ, ದಕ್ಷಿಣ ಅಮೆರಿಕದ ತೋಟಗಳಿಂದ ಬರುವ ಇಂಪೋರ್ಟೆಡ್. ಇಂಪೋರ್ಟೆಡ್ ಅಂದ ತಕ್ಷಣ ಮೇಲು ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಬೇಗ ಬೆಳೆದ ಎಳೆ ಮರ. ಚೇಗು, ಅಂದರೆ ಒಳಗಿನ ಬಲಿತ ಗಟ್ಟಿ ಭಾಗ, ಕಡಿಮೆ; ಅಂಚಿನಲ್ಲಿ ಬಿಳಿ ಭಾಗ ಜಾಸ್ತಿ. ಆ ಬಿಳಿ ಭಾಗಕ್ಕೆ ಗೆದ್ದಲು ಮೊದಲು ಬರುತ್ತದೆ.

“ಸೀಜನ್ ಆದ ಮಾಲ್ ಅದ್ರಿ” ಅಂತ ಎಲ್ಲರೂ ಹೇಳುತ್ತಾರೆ. ಈ ಮಾತಿಗೆ ಎರಡು ಅರ್ಥ. ಒಂದು, ಸೀಳಿದ ಹಲಗೆಗಳ ನಡುವೆ ಪಟ್ಟಿ ಇಟ್ಟು ನೆರಳಿನಲ್ಲಿ ಅಟ್ಟಿ ಹಾಕಿ ಗಾಳಿಗೆ ಒಣಗಿಸಿದ್ದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವ ಹಳೆ ಲೆಕ್ಕ ತಂಪು ದೇಶದ್ದು, ನಮ್ಮಲ್ಲಿ ಅದಕ್ಕಿಂತ ಬೇಗ ಆಗುತ್ತದೆ. ಇನ್ನೊಂದು, ಕಿಲ್ನ್ ಅನ್ನುವ ಮುಚ್ಚಿದ ಕೋಣೆಯಲ್ಲಿ ಬಿಸಿ ಮತ್ತು ಹಬೆ ಎರಡನ್ನೂ ಹಿಡಿತದಲ್ಲಿಟ್ಟು ಒಣಗಿಸಿದ್ದು. ಗಾಳಿಗೆ ಒಣಗಿದ ಕಟ್ಟಿಗೆ ಆ ತಿಂಗಳ ಗಾಳಿ ಎಷ್ಟು ಬಿಟ್ಟರೆ ಅಷ್ಟಕ್ಕೇ ನಿಲ್ಲುತ್ತದೆ. ಕಿಲ್ನ್‌ನಲ್ಲಿ ಬೇಕೆಂದರೆ 8ಕ್ಕೂ ಇಳಿಸಬಹುದು.

ಹಾಗಾದರೆ ಕಿಲ್ನ್‌ನದ್ದೇ ಮೇಲಾ? ಟೇಬಲ್ ಮೇಲ್ಭಾಗಕ್ಕೆ, ಅಗಲವಾದ ಪ್ಯಾನೆಲ್‌ಗೆ ಹೌದು. ಆದರೆ ಕಿಲ್ನ್ ಆದ ಕಟ್ಟಿಗೆ ಮುಂದೆ ಅಲುಗಾಡುವುದೇ ಇಲ್ಲ ಅನ್ನುವುದು ಸುಳ್ಳು. 10ಕ್ಕೆ ಇಳಿಸಿದ ಹಲಗೆಯನ್ನು ಮಳೆಗಾಲ ಪೂರ್ತಿ ಡಿಪೋದ ತಗಡಿನ ಕೆಳಗೆ ನಿಲ್ಲಿಸಿದರೆ ಅದು ಮತ್ತೆ 13-14ಕ್ಕೆ ಏರುತ್ತದೆ. ಕಿಲ್ನ್‌ನ ಚೀಟಿಯಲ್ಲಿ ತಾರೀಖು ನೋಡಿ. ಆಮೇಲೆ ಕಟ್ಟಿಗೆ ಎಲ್ಲಿ ಮಲಗಿತ್ತು ಅಂತ ಕೇಳಿ. ಮಂಚದ ಕಾಲು, ಬಾಗಿಲಿನ ಚೌಕಟ್ಟು ಇಂಥ ಸಪೂರ ತುಂಡುಗಳಿಗೆ ಚೆನ್ನಾಗಿ ಗಾಳಿಗೆ ಒಣಗಿದ್ದು ಸಾಕು, ಸುಮ್ನೆ ಹೆಚ್ಚಿಗೆ ದುಡ್ಡು ಕೊಡಬೇಡಿ.

ನಮ್ಮ ಕಡೆ ಇನ್ನೊಂದು ರೂಢಿ ಇದೆ: ಕಟ್ಟಿಗೆ ತಂದು ಮೇ ತಿಂಗಳ ಬಿಸಿಲಿಗೆ ಮಾಳಿಗೆಯ ಮೇಲೆ ಹರಡುವುದು. ಹಪ್ಪಳ ಒಣಗಿಸಿದ ಹಾಗೆ. ದಯವಿಟ್ಟು ಬೇಡ. ಮೇಲ್ಮೈ ಮೊದಲು ಒಣಗಿ ಗಟ್ಟಿಯಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಮೇಲೆಲ್ಲ ಸಣ್ಣ ಸೀಳು. ಹಲಗೆಯ ತುದಿಯಿಂದ ನೀರು ಮೈಯಿಗಿಂತ ಹತ್ತು ಹದಿನೈದು ಪಟ್ಟು ಬೇಗ ಹೋಗುತ್ತದೆ, ಅದಕ್ಕೇ ಮೊದಲು ತುದಿ ಬಿರಿಯುವುದು. ತುದಿಗೆ ಮೇಣವನ್ನೋ ಹಳೆ ಪೇಂಟನ್ನೋ ಬಳಿದು, ನೆರಳಿನಲ್ಲಿ ಅಟ್ಟಿ ಹಾಕಿ.

ಹೂವಿನ ಹಲಗೆಯೋ, ಗೆರೆಯ ಹಲಗೆಯೋ

ಡಿಪೋದಲ್ಲಿ ಎಲ್ಲರ ಕಣ್ಣು ಬೀಳುವುದು ನಡುವೆ ಗೋಪುರದ ಹಾಗೆ ಎದ್ದ ಹೂವಿನಂಥ ಚಿತ್ತಾರದ ಹಲಗೆ ಮೇಲೆ. ನನಗೂ ಅದೇ ಇಷ್ಟ. ಆದರೆ ಅದರ ತುದಿ ನೋಡಿ. ಮರ ಬೆಳೆದ ಉಂಗುರಗಳು ನಗುವ ಬಾಯಿಯ ಹಾಗೆ ಬಾಗಿ ಮಲಗಿರುತ್ತವೆ. ಇದು ಅಡ್ಡ ಸೀಳಿದ ಹಲಗೆ. ಪಕ್ಕದಲ್ಲೇ ಯಾರೂ ಕೇಳದೆ ಬಿದ್ದ ಸಾದಾ ಗೆರೆಯ ಹಲಗೆ ಇರುತ್ತದೆ. ಅದರ ತುದಿಯಲ್ಲಿ ಉಂಗುರಗಳು ಪುಸ್ತಕದ ಹಾಳೆಗಳ ಹಾಗೆ ನೆಟ್ಟಗೆ ನಿಂತಿರುತ್ತವೆ.

ಪೂರ್ತಿ ಹಸಿಯಿಂದ ಪೂರ್ತಿ ಒಣಗುವವರೆಗೆ ಸಾಗವಾನಿ ಉಂಗುರದ ಗುಂಟ ಶೇ. 5.8 ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ದಿಕ್ಕಿಗೆ ಶೇ. 2.5 ಮಾತ್ರ. ಹಾಗಾಗಿ ಮೇಲಿನ ಅದೇ ಮೂರಡಿ ಟೇಬಲ್ಲನ್ನು ಗೆರೆಯ ಹಲಗೆಯಲ್ಲಿ ಮಾಡಿದರೆ ಎಂಟೂವರೆ ಬದಲು ನಾಲ್ಕೂವರೆ ಮಿಲಿಮೀಟರ್. ಅರ್ಧಕ್ಕೆ ಅರ್ಧ! ಹೂವಿನ ಹಲಗೆ ಬೋಗುಣಿಯ ಹಾಗೆ ಬಾಗುತ್ತದೆ, ಗೆರೆಯದ್ದು ನೆಟ್ಟಗೆ ನಿಲ್ಲುತ್ತದೆ. ನನ್ನ ಕೇಳಿದರೆ, ಯಾವ ಜಾತಿಯ ಮರ ಅನ್ನುವುದಕ್ಕಿಂತ ಈ ಆಯ್ಕೆ ದೊಡ್ಡದು. ಇದಕ್ಕೆ ಬಹಳ ಸಲ ಒಂದು ಪೈಸೆಯೂ ಹೆಚ್ಚಿಗೆ ಬೀಳುವುದಿಲ್ಲ, ಅಟ್ಟಿಯಲ್ಲಿ ಹುಡುಕುವ ತಾಳ್ಮೆ ಬೇಕು ಅಷ್ಟೇ. ಹೂವು ಬೇಕೇ ಬೇಕು ಅನ್ನುವವರು ಅದನ್ನು ಬಾಗಿಲಿನ ಸಣ್ಣ ಪ್ಯಾನೆಲ್‌ಗೆ ಇಟ್ಟುಕೊಳ್ಳಿ.

ಹಳೆ ಮಾಳಿಗೆ ಮನೆಯ ತೊಲೆ

ಹಳೆ ಜಂತಿ ಮನೆ ಕೆಡವುವ ಸುದ್ದಿ ಬಂದರೆ ನಾನು ಸೈಕಲ್ ಹತ್ತುತ್ತೇನೆ. ಸಾಗವಾನಿ ತೊಲೆ, ಬೇವಿನ ತೊಲೆ, ಕೆಲವೊಮ್ಮೆ ಮತ್ತಿ. ಐವತ್ತು ವರ್ಷ ನಮ್ಮದೇ ಬಿಸಿಲು, ನಮ್ಮದೇ ಮಳೆ ಉಂಡ ಕಟ್ಟಿಗೆ. ಒಳಗಿನವರೆಗೂ ಒಣಗಿ, ಊರಿನ ಹವೆಗೆ ಹೊಂದಿಕೊಂಡಿರುತ್ತದೆ. ಹಸಿ ಉಳಿದಿರುವ ಭಯ ಇಲ್ಲ. ಹಳೆ ಮರಗಳ ಚೇಗು ಈಗಿನ ತೋಟದ ಮರಕ್ಕೆ ಸಿಗುವುದಿಲ್ಲ.

ಆದರೆ ಜನ ಇಲ್ಲೊಂದು ತಪ್ಪು ತಿಳಿಯುತ್ತಾರೆ. ಹಳೆಯದು ಅಂದರೆ ಅಲುಗಾಡುವುದು ನಿಲ್ಲಿಸಿದೆ ಅಂತ. ಇಲ್ಲ. ನೂರು ವರ್ಷದ ಸಾಗವಾನಿಯೂ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಾಗವಾನಿ ತೊಲೆಯಿಂದ ಸೀಳಿದ ಒಂದು ಅಡಿ ಅಗಲದ ಹಲಗೆಯನ್ನು ಪಾಲಿಶ್ ಇಲ್ಲದೆ ಶೆಡ್ಡಿನ ಗೋಡೆಗೆ ನೇತು ಹಾಕಿದ್ದೇನೆ. ಹಿಂದಿನ ಗೋಡೆಗೆ ಪೆನ್ಸಿಲ್ ಗುರುತು. ಮೇ ಕೊನೆಗೂ ಸೆಪ್ಟೆಂಬರ್‌ಗೂ ನಡುವೆ ಮೂರು ಮಿಲಿಮೀಟರ್ ವ್ಯತ್ಯಾಸ. ಪ್ರತಿ ವರ್ಷ.

ತೊಲೆ ತಗೊಳ್ಳುವಾಗ ಸುತ್ತಿಗೆಯಿಂದ ಬಡಿದು ಕೇಳಿ. ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಗೆದ್ದಲು ಊಟ ಮುಗಿಸಿದೆ. ಮೊಳೆಗಳನ್ನು ಆಯಸ್ಕಾಂತ ಹಿಡಿದು ಹುಡುಕಿ ತೆಗೆಸಿ. ಸಾ ಮಿಲ್‌ನವರ ಬ್ಲೇಡ್ ಹೋದರೆ ಬ್ಲೇಡಿನ ದುಡ್ಡು ನಿಮ್ಮ ಲೆಕ್ಕಕ್ಕೆ. ತೊಲೆಯ ನಟ್ಟ ನಡುವಿನ ತಿರುಳು ಬಂದ ಹಲಗೆ ಸೀಳುವುದು ಖಂಡಿತ, ಅದನ್ನು ಕಾಲಿಗೋ ಪಟ್ಟಿಗೋ ಬಳಸಿ. ಸೀಳಿಸಿದ ಹಲಗೆ ಮೂರ್ನಾಲ್ಕು ವಾರ ಮನೆಯೊಳಗೆ ಮಲಗಲಿ, ಒಳಗೆ ಇಷ್ಟು ವರ್ಷ ಹಿಡಿದಿಟ್ಟ ಸೆಳೆತವನ್ನು ಬಿಟ್ಟುಕೊಳ್ಳಲಿ. ಇಷ್ಟೆಲ್ಲ ತಲೆನೋವು ಒಪ್ಪುವುದಾದರೆ ಇದೇ ನನ್ನ ಮೊದಲ ಆಯ್ಕೆ.

ಕಟ್ಟಿಗೆ ಎಷ್ಟು ಬಾಳುತ್ತದೆ ನೋಡಬೇಕಾದರೆ ಬೀದರ್ ಕೋಟೆಯ ರಂಗೀನ್ ಮಹಲಿಗೆ ಹೋಗಿ. ಕೆತ್ತನೆಯ ಮರದ ಕಂಬಗಳು ಇನ್ನೂ ನಿಂತಿವೆ. ನೇರ ಬಿಸಿಲು, ಮಳೆ ಎರಡೂ ತಾಗದ ಜಾಗ. ಅದರ ಜೊತೆ ಕಂಬ ಅಂದರೆ ಉದ್ದದ ಕೆಲಸ, ಉದ್ದಕ್ಕೆ ಕಟ್ಟಿಗೆ ಅಲುಗುವುದಿಲ್ಲ ಅಂದೆನಲ್ಲ.

ಬೇವು, ಜಾಲಿ

ಹೊಲದ ಬದುವಿನಲ್ಲೇ ಇರುತ್ತವೆ, ದುಡ್ಡು ಬೀಳುವುದಿಲ್ಲ. ಬೇವಿಗೆ ಹುಳದ ಕಾಟ ಕಡಿಮೆ. ಆದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ರಂದಾ ಹೊಡೆದರೆ ಚಕ್ಕೆ ಏಳುತ್ತದೆ, ಅಗಲ ಹಲಗೆ ತಿರುಚಿಕೊಳ್ಳುತ್ತದೆ. ಬಾಗಿಲ ಚೌಕಟ್ಟಿಗೆ, ಕಿಡಕಿಗೆ ಧಾರಾಳ ಬಳಸಿ. ಜಾಲಿ ಗಾಲಿಗೆ, ಕುಂಟೆಗೆ, ಕೂರಿಗೆಗೆ ಹುಟ್ಟಿದ ಮರ. ಸ್ಟೂಲು, ಬೆಂಚಿನ ಕಾಲಿಗೆ ಚೆನ್ನ. ಅಗಲವಾದದ್ದನ್ನು ಇವೆರಡರಲ್ಲೂ ಮಾಡಿಸಬೇಡಿ.

ಇಲ್ಲೊಂದು ತಮಾಷೆ. ನಾವು ಇದ್ದಿಲು ಸುಡುವ ಬಳ್ಳಾರಿ ಜಾಲಿ ಇದೆಯಲ್ಲ, ಅದರ ದಾಯಾದಿ ಮರವನ್ನು ಅಮೆರಿಕದಲ್ಲಿ ಮೆಸ್ಕೀಟ್ ಅನ್ನುತ್ತಾರೆ. ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ಕುಗ್ಗುವುದು ಉಂಗುರದ ಗುಂಟ ಶೇ. 3.2, ಇನ್ನೊಂದು ದಿಕ್ಕಿಗೆ 1.6. ಸಾಗವಾನಿಗಿಂತ ಎಷ್ಟೋ ಕಡಿಮೆ! ಅಲ್ಲಿ ಅದರಿಂದ ಪೀಠೋಪಕರಣ ಮಾಡುತ್ತಾರೆ. ನಮ್ಮ ಬಳ್ಳಾರಿ ಜಾಲಿಯಲ್ಲಿ ನೆಟ್ಟಗಿನ ಎರಡಡಿ ಸಿಕ್ಕರೆ ಪುಣ್ಯ, ಆದರೂ ನಾನು ಅದರಲ್ಲಿ ಎರಡು ಸಣ್ಣ ಪೆಟ್ಟಿಗೆ ಮಾಡಿದ್ದೇನೆ. ಈವರೆಗೆ ಮುಚ್ಚಳ ಹಿಡಿದಿಲ್ಲ.

ಆನ್‌ಲೈನ್ ರಬ್ಬರ್ ಕಟ್ಟಿಗೆ

ಫೋನಿನಲ್ಲಿ ತರಿಸುವ ಸಾಲಿಡ್ ವುಡ್ ಮಂಚ, ಟೇಬಲ್ ಬಹಳಷ್ಟು ರಬ್ಬರ್ ಮರದ್ದು. ಇದನ್ನು ನಗಾಡುವವರಿದ್ದಾರೆ, ನಾನು ನಗುವುದಿಲ್ಲ. ಅಲುಗಾಟದ ಲೆಕ್ಕದಲ್ಲಿ ಇದು ಸಾಗವಾನಿಯ ಹತ್ತಿರವೇ: ಉಂಗುರದ ಗುಂಟ ಶೇ. 5.1, ಇನ್ನೊಂದು ದಿಕ್ಕಿಗೆ 2.3. ಸಣ್ಣ ತುಂಡು ಜೋಡಿಸಿ ಮಾಡಿದ ಹಲಗೆ ಆದ್ದರಿಂದ ಬಾಗುವುದೂ ಕಡಿಮೆ. ಇದರ ಶತ್ರು ನೀರು ಮತ್ತು ಹುಳ. ಔಷಧ ಹಾಕಿ, ಕಿಲ್ನ್‌ನಲ್ಲಿ ಒಣಗಿಸಿದ್ದಾದರೆ ಒಳಗಿನ ಕೋಣೆಗೆ ಅಡ್ಡಿಯಿಲ್ಲ. ಬಚ್ಚಲು ಗೋಡೆಗೆ ಆನಿಸಿ ಇಡಬೇಡಿ.

ಪ್ಲೈ, ಬ್ಲಾಕ್‌ಬೋರ್ಡ್, ಎಂಡಿಎಫ್

ಪ್ಲೈನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದ್ದು ಅಡ್ಡಕ್ಕೆ. ಉದ್ದಕ್ಕೆ ಕಟ್ಟಿಗೆ ಅಲುಗುವುದಿಲ್ಲವಾದ್ದರಿಂದ ಒಂದು ಪದರ ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ. ಎಂಟಡಿ ನಾಲ್ಕಡಿ ಹಾಳೆಯ ಅಗಲ ವರ್ಷವಿಡೀ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಅಲಮಾರಿ, ಅಡುಗೆಮನೆಯ ಪೆಟ್ಟಿಗೆಗಳಿಗೆ ಇದರ ಎದುರು ಸಾಗವಾನಿ ಹಲಗೆ ನಿಲ್ಲುವುದಿಲ್ಲ. “ನಮ್ದು ಪೂರಾ ಸಾಗವಾನಿ ಅಲಮಾರಿ” ಅಂತ ಹೆಮ್ಮೆ ಪಡುವ ಬೀಗರ ಮನೆಯಲ್ಲಿ ಮಳೆಗಾಲದಲ್ಲಿ ಅದರ ಬಾಗಿಲು ತೆಗೆಯಲು ಇಬ್ಬರು ಬೇಕು.

ಐಎಸ್ 303 ಅನ್ನುವ ಭಾರತೀಯ ಮಾನಕದ ಗುರುತಿನ ಪ್ಲೈ ಸಾಮಾನ್ಯ ಕೆಲಸಕ್ಕೆ. ಅದರಲ್ಲೇ ಎಂಆರ್ (ತೇವ ತಡೆಯುವುದು), ಬಿಡಬ್ಲ್ಯೂಆರ್ (ಕುದಿಯುವ ನೀರನ್ನೂ ತಡೆಯುವುದು) ಅಂತ ಎರಡು ಬಗೆ, ಎರಡನೆಯದು ನೀರಿಗೆ ಹೆಚ್ಚು ತಡೆಯುತ್ತದೆ. ಐಎಸ್ 710 ಅಂದರೆ ಮರೈನ್ ಪ್ಲೈ. ಅದು ಸಿಂಕಿನ ಕೆಳಗೆ ಬೇಕು, ಮಲಗುವ ಕೋಣೆಗೆ ಬೇಡ.

ಏಳಡಿ ಎತ್ತರದ ಅಲಮಾರಿ ಬಾಗಿಲಿಗೆ ಪ್ಲೈ ಬದಲು ಬ್ಲಾಕ್‌ಬೋರ್ಡ್ (ನಡುವೆ ಕಟ್ಟಿಗೆ ಪಟ್ಟಿ ಜೋಡಿಸಿ ಎರಡೂ ಕಡೆ ತೆಳು ಪದರ ಅಂಟಿಸಿದ್ದು) ಹಾಕಿಸಿ. ಉದ್ದದ ಬಾಗಿಲು ಅದರಲ್ಲಿ ನೆಟ್ಟಗೆ ನಿಲ್ಲುತ್ತದೆ. ಎರಡರಲ್ಲೂ ಒಂದು ಮೋಸ ನಡೆಯುತ್ತದೆ: ಹೊರಗೆ ಸನ್‌ಮೈಕಾ ಅಂಟಿಸಿ ಒಳಗಡೆ ಬರೀ ಬಣ್ಣ ಬಳಿಯುವುದು. ಒಂದು ಮೈ ತೇವ ಕುಡಿಯುತ್ತದೆ, ಇನ್ನೊಂದು ಕುಡಿಯುವುದಿಲ್ಲ. ಬಾಗಿಲು ಬಿಲ್ಲಾಗುತ್ತದೆ. ಎರಡೂ ಕಡೆ ಲ್ಯಾಮಿನೇಟ್, ನಾಲ್ಕೂ ಅಂಚಿಗೆ ಪಟ್ಟಿ, ಇದಕ್ಕೆ ರಾಜಿ ಬೇಡ.

ಎಂಡಿಎಫ್, ಅಂದರೆ ಕಟ್ಟಿಗೆಯ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ, ಒಣ ಹವೆಯಲ್ಲಿ ನೆಮ್ಮದಿಯಾಗಿರುತ್ತದೆ. ನೀರು ತಾಗಿದರೆ ಮುಗಿಯಿತು. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆಯುತ್ತಾರೆ. ಟಿವಿ ಸ್ಟ್ಯಾಂಡಿನ ಬುಡ ಎರಡೇ ವರ್ಷಕ್ಕೆ ನೆನೆದ ರೊಟ್ಟಿ. ತಗೊಂಡೇ ಇದ್ದರೆ ಕೆಳಗೆ ಒಂದು ಇಂಚಿನ ಪ್ಲಾಸ್ಟಿಕ್ ಕಾಲು ಹಾಕಿಸಿ. ಪಾರ್ಟಿಕಲ್ ಬೋರ್ಡ್ ಬಗ್ಗೆ ಬರೆಯುವಷ್ಟು ಇಲ್ಲ, ಬಾಡಿಗೆ ಮನೆಯಲ್ಲಿ ಎರಡು ವರ್ಷಕ್ಕೆ ಸಾಕು.

ಕೂಲರ್ ಅನ್ನುವ ಎರಡನೇ ಮಳೆಗಾಲ

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಮಾಳಿಗೆಯ ಮೇಲಿನ ಬೀಗ ಹಾಕಿದ ಕೋಣೆಯಲ್ಲಿ ಗಾಳಿ ಎಲುಬು ಒಣಗಿಸುವಂತೆ ಇರುತ್ತದೆ. ಅದೇ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಕೂಲರ್ ರಾತ್ರಿಯಿಡೀ ಒದ್ದೆ ಗಾಳಿ ಊದುತ್ತಿರುತ್ತದೆ, ಹೊದಿಕೆ ಕೂಡ ತಣ್ಣಗೆ ಜಿಬಿಜಿಬಿ. ಅಲ್ಲಿ ಕಟ್ಟಿಗೆಯ ಪಾಲಿಗೆ ಆಗಸ್ಟ್. ಒಂದೇ ಮನೆಯಲ್ಲಿ ಎರಡು ಋತು. ಪಕ್ಕದ ಮನೆಯ ವೈನಿ, “ಬ್ಯಾಸಗ್ಯಾಗ ಬಾಗಲಾ ಹಿಡಿಲತ್ತದ, ಇದ್ಯಾವ ಕಟಗಿ ಹಾಕ್ಯಾರೋ” ಅಂತ ಬೈಯುತ್ತಿದ್ದರು. ಹೋಗಿ ನೋಡಿದರೆ ಕೂಲರ್ ನೇರ ಬಾಗಿಲಿಗೇ ಮುಖ ಮಾಡಿತ್ತು. ಎರಡು ಅಡಿ ತಿರುಗಿಸಿ, ಎದುರಿನ ಕಿಡಕಿ ತೆಗೆದಿಟ್ಟರು. ವಾರಕ್ಕೆ ಬಾಗಿಲು ಬಿಟ್ಟಿತು.

ಹಾಗಾಗಿ ಕೂಲರ್ ಇಡುವ ಕೋಣೆಗೆ ಪ್ಲೈ ಅಲಮಾರಿ. ಮೇಲಿನ ಕೋಣೆಗೆ ಏನೇ ಮಾಡಿಸಿದರೂ ಪೂರ್ತಿ ಒಣಗಿದ್ದು. ಏಸಿ ಇದ್ದರೆ ಗಾಳಿ ಒಣಗುತ್ತದೆ, ಅದರ ಬಾಯಿಗೆ ಸಾಗವಾನಿ ಪ್ಯಾನೆಲ್ ಕೊಡಬೇಡಿ.

ಬೀದರ್‌ನಲ್ಲಿ ಎತ್ತರದ ಕಾರಣ ಬೇಸಿಗೆ ಸ್ವಲ್ಪ ಮೆತ್ತಗೆ, ಲೆಕ್ಕ ಮಾತ್ರ ಇದೇ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ಊರುಗಳಲ್ಲಿ ಸುತ್ತ ಭತ್ತದ ಗದ್ದೆ ಇದ್ದರೆ ಮಳೆಗಾಲದ ಲೆಕ್ಕಕ್ಕೆ ಒಂದೆರಡು ಅಂಕ ಸೇರಿಸಿ. ದೂರದಿಂದ ತರಿಸುವವರಿಗೆ ಒಂದು ಮಾತು: ಐಎಸ್ 287 ಅನ್ನುವ ಮಾನಕ ಗಾಳಿಯ ತೇವ ನೋಡಿ ದೇಶವನ್ನೇ ನಾಲ್ಕು ವಲಯ ಮಾಡಿದೆ. ಒಂದೊಂದು ವಲಯಕ್ಕೂ ಕಟ್ಟಿಗೆಯ ತೇವದ ಮಿತಿ ಬೇರೆ. ಕೇರಳದಲ್ಲಿ ಅಲ್ಲಿನ ಹವೆಗೆ ಸರಿಯಾಗಿ ಮಾಡಿದ ಮಂಚ ಕಲಬುರಗಿಗೆ ಬಂದು ಬಿರಿದರೆ ಅದು ಕೇರಳದ ಬಡಿಗನ ತಪ್ಪಲ್ಲ.

ಡಿಪೋದಲ್ಲಿ ತೇವ ನೋಡುವುದು

ಎರಡು ಸೂಜಿ ಚುಚ್ಚಿ ನೋಡುವ ಮೀಟರ್ ಸಿಗುತ್ತದೆ. ದೊಡ್ಡ ಬೆಲೆ ಏನಲ್ಲ. ಮಳೆ ಬಿದ್ದ ಹಲಗೆಯ ಮೇಲೆ ಚುಚ್ಚಿದರೆ ಸುಳ್ಳು ಹೇಳುತ್ತದೆ, ಒಣಗಿದ ಮೇಲ್ಮೈಯೂ ಸುಳ್ಳು ಹೇಳಿಸುತ್ತದೆ. ಒಂದು ತುಂಡು ಕತ್ತರಿಸಿಸಿ ಒಳಮೈಗೆ ಚುಚ್ಚಿ. ಒಳಗೂ ಹೊರಗೂ ಎರಡು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಮಾಲು ಇನ್ನೂ ಒಣಗುತ್ತಿದೆ.

ಮೀಟರ್ ಇಲ್ಲದಿದ್ದರೆ ತಕ್ಕಡಿ ಸಾಕು. ಹಲಗೆಯ ತುದಿಯಿಂದ ಒಂದು ಅಡಿ ಒಳಗೆ, ಒಂದು ಇಂಚು ಅಗಲದ ಅಡ್ಡ ತುಂಡು ಕೊಯ್ಯಿಸಿ. ತಕ್ಷಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮನೆಗೆ ತನ್ನಿ. ನಾನು ಹೀಗೆ ತಂದ ಒಂದು ತುಂಡು 86 ಗ್ರಾಂ ಇತ್ತು. ಕೇಕ್ ಮಾಡುವ ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ತೂಗಿದೆ. ಕೊನೆಗೆ 74 ಗ್ರಾಂ. ಹೋದ ನೀರು 12 ಗ್ರಾಂ, ಅದನ್ನು ಒಣ ತೂಕ 74ರಿಂದ ಭಾಗಿಸಿದರೆ ಶೇ. 16. “ಪೂರಾ ಸೀಜನ್ ಮಾಲ್” ಅಂದಿದ್ದ ಡಿಪೋದವರಿಗೆ ಚೀಟಿ ತೋರಿಸಿದೆ. ಅವರು ನಕ್ಕು, “ನೀವು ಬಂಗಾರ ತಗೊಳ್ಳಲಕ್ಕ ಬಂದೀರೇನ್ರಿ ಸರ್” ಅಂದರು. ಬೇರೆ ಅಟ್ಟಿಯಿಂದ ಕೊಟ್ಟರು, ಅದು 11 ಇತ್ತು. ನಮ್ಮ ಊರಿಗೆ 9ರಿಂದ 11ರ ನಡುವೆ ಸಿಕ್ಕರೆ ಒಳ್ಳೆಯದು. ಎರಡೂ ಋತುವಿಗೆ ಅದು ನಡುಮಟ್ಟ.

ಮಾಡಿಸುವಾಗ ಬಡಿಗರಿಗೆ ಹೇಳಬೇಕಾದ್ದು

ಟೇಬಲ್ ಆದರೆ, ಮೇಲ್ಭಾಗವನ್ನು ಚೌಕಟ್ಟಿಗೆ ಅಂಟಿಸಬಾರದು. ಸ್ಕ್ರೂ ತೂತು ಅಗಲದ ದಿಕ್ಕಿಗೆ ಉದ್ದನೆ ಕೊರೆಯಲಿ, ಕಟ್ಟಿಗೆ ಸರಿದಾಡುವಾಗ ಸ್ಕ್ರೂ ಜೊತೆಗೇ ಸರಿಯುತ್ತದೆ. ಕೆಳಗಿನ ಮೈಗೂ ಮೇಲಿನಷ್ಟೇ ಪಾಲಿಶ್ ಹೊಡೆಸಿ. ಪಿಯು (ಪಾಲಿಯುರೇಥೇನ್) ಪಾಲಿಶ್ ಇರಲಿ, ಅರಗಿನ ಪಾಲಿಶ್ ಇರಲಿ, ತೇವದ ಓಡಾಟವನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಒಂದೇ ಕಡೆ ಹೊಡೆದರೆ ಹಲಗೆ ಬಾಗುತ್ತದೆ.

ಮುಂಬಾಗಿಲಿಗೆ ಇಡೀ ಹಲಗೆ ಬೇಡ, ಚೌಕಟ್ಟು ಮತ್ತು ಪ್ಯಾನೆಲ್ ಇರಲಿ. ಮೂರಡಿ ಇಡೀ ಹಲಗೆ ಎಂಟೂವರೆ ಮಿಲಿಮೀಟರ್ ಓಡಾಡಿದರೆ, ಐದು ಇಂಚಿನ ಎರಡು ನಿಲುವು ಪಟ್ಟಿ ಸೇರಿ ಎರಡೂವರೆಯೊಳಗೆ ಮುಗಿಯುತ್ತದೆ. ಪ್ಯಾನೆಲ್ ತನ್ನ ಗ್ರೂವ್‌ನೊಳಗೆ ಸರಿದಾಡಿಕೊಳ್ಳುತ್ತದೆ, ಅದಕ್ಕೆ ಫೆವಿಕಾಲ್ ತಾಗಿಸಬಾರದು. ಕೂರಿಸುವ ಮೊದಲೇ ಪ್ಯಾನೆಲ್ಲಿಗೆ ಪಾಲಿಶ್ ಆಗಿರಬೇಕು. ಜೋಡಿಸಿದ ಮೇಲೆ ಹೊಡೆದರೆ ಏಪ್ರಿಲ್‌ನಲ್ಲಿ ಪ್ಯಾನೆಲ್ ಕುಗ್ಗಿ, ಅಂಚಿನಲ್ಲಿ ಪಾಲಿಶ್ ಕಾಣದ ಒಂದು ಬಿಳಿ ಗೆರೆ ಹೊರಗೆ ಇಣುಕುತ್ತದೆ. ನಮ್ಮ ಊರಿನ ಹೊಸ ಬಾಗಿಲುಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಈ ಗೆರೆ ನಾನು ತೋರಿಸಬಲ್ಲೆ.

ತಿಂಗಳು ನೋಡಿ ಸಂದು ಬಿಡಿಸಿ. ಮೇನಲ್ಲಿ ಕೂರಿಸುವ ಬಾಗಿಲಿಗೆ ಸುತ್ತ ಮೂರ್ನಾಲ್ಕು ಮಿಲಿಮೀಟರ್, ಆಗಸ್ಟ್‌ನಲ್ಲಿ ಕೂರಿಸುವುದಕ್ಕೆ ಎರಡು ಸಾಕು. ಮೇನಲ್ಲಿ ಬಿಗಿಯಾಗಿ ಕೂತ ಡ್ರಾಯರ್ ಆಗಸ್ಟ್‌ನಲ್ಲಿ ತೆಗೆಯಲು ಬರುವುದಿಲ್ಲ. ಆಗಸ್ಟ್‌ನಲ್ಲಿ ಬಿಗಿಯಾಗಿದ್ದದ್ದು ಮೇನಲ್ಲಿ ಗಡಗಡ. ನನಗೆ ಆರಿಸಲು ಬಿಟ್ಟರೆ ನವೆಂಬರ್‌ನಿಂದ ಜನವರಿಯೊಳಗೆ ಮಾಡಿಸುತ್ತೇನೆ. ಕಟ್ಟಿಗೆ ನಡುಮಟ್ಟದಲ್ಲಿರುತ್ತದೆ, ಬಡಿಗರೂ ಹದವಾದ ಹವೆಯಲ್ಲಿ ಸಮಾಧಾನವಾಗಿ ಕೆಲಸ ಮಾಡುತ್ತಾರೆ.

ಮಳೆಗಾಲದಲ್ಲಿ ಬಾಗಿಲು ಹಿಡಿಯಿತು ಅಂತ ಮಾತ್ರ ರಂದಾ ಹೊಡೆಸಬೇಡಿ. ಕಾಕಾನ ಮನೆಯ ಮುಂಬಾಗಿಲು ಪ್ರತಿ ಆಗಸ್ಟ್‌ಗೆ ಹೊಸ್ತಿಲ ಹತ್ತಿರ ಹಿಡಿಯುತ್ತದೆ. ಮೊಮ್ಮಗ ರಂದಾ ತಂದರೆ ಬೈದು ಕಳಿಸುತ್ತಾರೆ. ಮೊಳಕಾಲಿನಿಂದ ಒಂದು ಗುದ್ದು ಕೊಟ್ಟು ತೆಗೆಯುತ್ತಾರೆ, ಅಂಚಿಗೆ ಒಂದಿಷ್ಟು ಮೇಣ ಉಜ್ಜುತ್ತಾರೆ. ದೀಪಾವಳಿಯ ದೀಪ ಹಚ್ಚುವ ಹೊತ್ತಿಗೆ ಅದು ಬೆರಳಿನಿಂದ ತಳ್ಳಿದರೆ ತೆರೆದುಕೊಳ್ಳುತ್ತದೆ.